ಎಚ್‌ಐವಿಗೆ ಎರಡು ತಿಂಗಳಿಗೊಂದು ಇಂಜೆಕ್ಷನ್: ಸೂಜಿಗಿಂತ ತಾರೀಕೇ ಮುಖ್ಯ

ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಾಗಲಿ, ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಾಗಲಿ, ಎಆರ್‌ಟಿ (ಎಚ್‌ಐವಿ ಔಷಧ ಚಿಕಿತ್ಸೆ) ಕೇಂದ್ರಕ್ಕೆ ಹೋಗುವ ಎಚ್‌ಐವಿ ಸೋಂಕಿತರಿಗೆ ಸಾಮಾನ್ಯವಾಗಿ ಸಿಗುವುದು ದಿನಕ್ಕೊಂದರಂತೆ ನುಂಗಬೇಕಾದ ಉಚಿತ ಮಾತ್ರೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಒಂದರಲ್ಲೇ ಸೇರಿರುವ ಈ ಮಾತ್ರೆಯನ್ನು ಕೇಂದ್ರದ ಸಿಬ್ಬಂದಿಯೂ ರೋಗಿಗಳೂ ಟಿಎಲ್‌ಡಿ ಎಂದೇ ಕರೆಯುತ್ತಾರೆ. ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗುತ್ತದೆ. ಹಾಗೆ ಕಡಿಮೆಯಾಗಿಯೇ ಉಳಿದಿರುವಷ್ಟು ಕಾಲ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ದಾಟುವುದಿಲ್ಲ. ಔಷಧದ ಮಟ್ಟಿಗೆ ಇದು ದೊಡ್ಡ ಗೆಲುವು. ಆದರೆ ನಾಲ್ಕು ಜನ ಓಡಾಡುವ ಮನೆಯಲ್ಲಿ, ಹಾಸ್ಟೆಲಿನಲ್ಲಿ, ಹಂಚಿಕೊಂಡ ಬಾಡಿಗೆ ಕೋಣೆಯಲ್ಲಿ ಆ ಮಾತ್ರೆಯ ಡಬ್ಬಿಯನ್ನು ಯಾರ ಕಣ್ಣಿಗೂ ಬೀಳದಂತೆ ಇಟ್ಟುಕೊಳ್ಳುವುದೇ ಎಷ್ಟೋ ಮಂದಿಗೆ ಕಾಯಿಲೆಗಿಂತ ಭಾರವಾಗಿದೆ. ಹೀಗಿರುವಾಗ, ವಿದೇಶದಲ್ಲಿ ಎರಡು ತಿಂಗಳಿಗೊಮ್ಮೆ ಇಂಜೆಕ್ಷನ್ ತೆಗೆದುಕೊಂಡರೆ ಮಾತ್ರೆಯೇ ಬೇಡವಂತೆ ಎಂಬ ಸುದ್ದಿ ಕಿವಿಗೆ ಬಿದ್ದವರು ಅದರ ಬಗ್ಗೆ ವಿಚಾರಿಸುವುದು ಸಹಜ.

ಸುದ್ದಿ ನಿಜ. ಅಂಥ ಇಂಜೆಕ್ಷನ್ ಇದೆ, ಸರಿಯಾಗಿ ಬಳಸಿದರೆ ಅದು ಮಾತ್ರೆಯಷ್ಟೇ ಚೆನ್ನಾಗಿ ವೈರಸ್ಸನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಆದರೆ ನಮ್ಮ ಊರುಗಳಲ್ಲಿ ಇಂಜೆಕ್ಷನ್ ಎಂದರೆ ಮಾತ್ರೆಗಿಂತ ಹೆಚ್ಚು ಬಲವಾದದ್ದು, ಚುಚ್ಚಿಸಿಕೊಂಡರೆ ಕೆಲಸ ಮುಗಿಯಿತು ಎಂಬ ನಂಬಿಕೆ ಬೇರೂರಿದೆ. ಜ್ವರಕ್ಕೂ ಮೈಕೈ ನೋವಿಗೂ "ಒಂದು ಇಂಜೆಕ್ಷನ್ ಕೊಟ್ಟುಬಿಡಿ ಡಾಕ್ಟ್ರೇ" ಎಂದು ಕೇಳುವವರು ಈಗಲೂ ಕಡಿಮೆಯಾಗಿಲ್ಲ. ಎಚ್‌ಐವಿ ಇಂಜೆಕ್ಷನ್ನಿನ ವಿಷಯದಲ್ಲಿ ಈ ನಂಬಿಕೆ ಅಪಾಯಕಾರಿ. ಈ ಔಷಧದ ಸುರಕ್ಷತೆ ಸೂಜಿ ಚುಚ್ಚುವ ಕೈಯಲ್ಲಿರುವುದು ಸ್ವಲ್ಪ ಮಾತ್ರ. ಹೆಚ್ಚಿನದು ಮೊದಲ ಚುಚ್ಚುಮದ್ದಿಗೆ ಮುನ್ನ ನಡೆಯುವ ವಿಚಾರಣೆಯಲ್ಲಿ ಮತ್ತು ಅನಂತರದ ಪ್ರತಿಯೊಂದು ತಾರೀಕಿನಲ್ಲಿ ಇದೆ.

ಯಾವುದು ಈ ಇಂಜೆಕ್ಷನ್

ಎಚ್‌ಐವಿಗೆ ಚುಚ್ಚುಮದ್ದು ಹೊಸದೇನಲ್ಲ. 2003ರಲ್ಲೇ ಎನ್‌ಫುವಿರ್ಟೈಡ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ಅದನ್ನು ದಿನಕ್ಕೆ ಎರಡು ಸಲ ಚರ್ಮದಡಿಗೆ ಚುಚ್ಚಿಕೊಳ್ಳಬೇಕಾಗಿದ್ದುದರಿಂದ ಬೇರೆ ದಾರಿಯಿಲ್ಲದವರಷ್ಟೇ ಬಳಸಿದರು. ಈಗ ಎಲ್ಲರೂ ಕೇಳುತ್ತಿರುವುದು ಬೇರೆ ಬಗೆಯದು. ಕ್ಯಾಬೊಟೆಗ್ರಾವಿರ್ ಮತ್ತು ರಿಲ್ಪಿವಿರಿನ್ ಎಂಬ ಎರಡು ಔಷಧಗಳನ್ನು ಒಂದೇ ಭೇಟಿಯಲ್ಲಿ ಎರಡು ಪ್ರತ್ಯೇಕ ಇಂಜೆಕ್ಷನ್‌ಗಳಾಗಿ ಕೊಡುವ ಈ ಜೋಡಿಗೆ 2020ರ ಮಾರ್ಚ್‌ನಲ್ಲಿ ಕೆನಡಾ, 2021ರ ಜನವರಿಯಲ್ಲಿ ಅಮೆರಿಕ ಅನುಮತಿ ಕೊಟ್ಟವು. ಮೊದಲು ತಿಂಗಳಿಗೊಮ್ಮೆ ಇದ್ದುದು 2022ರಲ್ಲಿ ಅಮೆರಿಕದಲ್ಲೂ ಎರಡು ತಿಂಗಳಿಗೊಮ್ಮೆ ಆಯಿತು. 2025ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಮಾತ್ರೆಯಿಂದ ವೈರಸ್ ಪೂರ್ತಿ ಹತೋಟಿಗೆ ಬಂದಿರುವ ಮತ್ತು ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ಸಕ್ರಿಯವಾಗಿಲ್ಲದ ವಯಸ್ಕರಿಗೂ ಹದಿಹರೆಯದವರಿಗೂ ಇದು ಬದಲಿ ಚಿಕಿತ್ಸೆಯಾಗಬಹುದು ಎಂದು ಶಿಫಾರಸು ಮಾಡಿತು. ಆ ಎರಡು ಷರತ್ತುಗಳು ಏಕೆ ಎಂಬುದನ್ನು ಮುಂದೆ ನೋಡೋಣ.

ಎರಡೂ ಔಷಧಗಳು ವೈರಸ್ಸಿನ ಬದುಕಿನ ಬೇರೆ ಬೇರೆ ಹಂತಗಳನ್ನು ತಡೆಯುತ್ತವೆ. ರಿಲ್ಪಿವಿರಿನ್, ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ. ಆ ನಕಲು ನಮ್ಮ ಜೀವಕೋಶದ ಡಿಎನ್‌ಎಯೊಳಗೆ ಹೊಲಿದುಕೊಳ್ಳದಂತೆ ಕ್ಯಾಬೊಟೆಗ್ರಾವಿರ್ ನೋಡಿಕೊಳ್ಳುತ್ತದೆ. ಈ ಎರಡನೆಯ ಕೆಲಸವನ್ನೇ ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಕೂಡ ಮಾಡುತ್ತದೆ. ಇವೆರಡೂ ಒಂದೇ ಮನೆತನದ ಔಷಧಗಳು. ಈ ನಂಟು ನೆನಪಿರಲಿ, ಏಕೆಂದರೆ ಇಂಜೆಕ್ಷನ್ನಿನ ಅತಿ ದೊಡ್ಡ ಅಪಾಯ ಇರುವುದು ಇಲ್ಲಿಯೇ.

ಔಷಧ ದೇಹದಲ್ಲಿ ಕೂತುಬಿಡುತ್ತದೆ

ಮಾತ್ರೆಯಾಗಿ ನುಂಗಿದ ಕ್ಯಾಬೊಟೆಗ್ರಾವಿರ್‌ನ ಅರ್ಧದಷ್ಟು ಸುಮಾರು 41 ಗಂಟೆಗಳಲ್ಲಿ ರಕ್ತದಿಂದ ಹೊರಟುಹೋಗುತ್ತದೆ. ಅದೇ ಔಷಧವನ್ನು ಸ್ನಾಯುವಿಗೆ ಚುಚ್ಚಿದಾಗ ಅರ್ಧಕ್ಕೆ ಇಳಿಯಲು ಸುಮಾರು 6ರಿಂದ 12 ವಾರ ಬೇಕು; ರಿಲ್ಪಿವಿರಿನ್‌ಗಾದರೆ 13ರಿಂದ 28 ವಾರ. ದೇಹ ಔಷಧವನ್ನು ಹೊರಹಾಕುವ ವೇಗದಲ್ಲಿ ಏನೂ ಬದಲಾವಣೆಯಾಗಿಲ್ಲ. ಬದಲಾಗಿರುವುದು ಔಷಧ ರಕ್ತಕ್ಕೆ ಸೇರುವ ವೇಗ. ಇಂಜೆಕ್ಷನ್ ಸೀಸೆಯಲ್ಲಿರುವುದು ಕರಗಿದ ದ್ರಾವಣವಲ್ಲ, ನೀರಿನಲ್ಲಿ ಸುಲಭವಾಗಿ ಕರಗದ ಅತಿ ಸೂಕ್ಷ್ಮ ಹರಳುಗಳ ತೇಲುಮಿಶ್ರಣ. ಬಾಯಲ್ಲಿಟ್ಟ ಕಲ್ಲುಸಕ್ಕರೆಯ ಹಾಗೆ ಆ ಹರಳುಗಳು ಸ್ನಾಯುವಿನೊಳಗೆ ಕುಳಿತು ತಮ್ಮದೇ ಗತಿಯಲ್ಲಿ ಕರಗುತ್ತಾ, ದಿನದಿನವೂ ಸ್ವಲ್ಪಸ್ವಲ್ಪವೇ ರಕ್ತಕ್ಕೆ ಇಳಿಯುತ್ತವೆ.

ಇದರಿಂದ ಎರಡು ಪರಿಣಾಮಗಳಿವೆ. ಒಂದು, ಚುಚ್ಚಿದ ಮೇಲೆ ಔಷಧವನ್ನು ಹಿಂದಕ್ಕೆ ತೆಗೆಯುವ ಉಪಾಯವಿಲ್ಲ. ಮಾತ್ರೆಯಿಂದ ಅಲರ್ಜಿಯಾದರೆ ನಾಳೆಯಿಂದ ನಿಲ್ಲಿಸಬಹುದು, ಇದನ್ನು ನಿಲ್ಲಿಸಲಾಗದು. ಇದೇ ಕಾರಣಕ್ಕೆ ಮೊದಲು ಸುಮಾರು ಒಂದು ತಿಂಗಳು ಇದೇ ಎರಡು ಔಷಧಗಳನ್ನು ಮಾತ್ರೆಯಾಗಿ ನುಂಗಿಸಿ, ಮೈಗೆ ಒಗ್ಗುತ್ತದೆಯೇ ಎಂದು ನೋಡಿ ಇಂಜೆಕ್ಷನ್‌ಗೆ ಹೋಗುವ ಕ್ರಮವಿದೆ. ಈಗ ಅದು ಕಡ್ಡಾಯವಲ್ಲ. ಆದರೂ ಅಲರ್ಜಿಯ ಇತಿಹಾಸ ಇರುವವರು, ಮನಸ್ಸಿನಲ್ಲಿ ಅಳುಕಿರುವವರು ಆ ದಾರಿಯನ್ನೇ ಕೇಳಿ ಪಡೆಯುವುದು ಒಳ್ಳೆಯದು.

ಎರಡನೆಯ ಪರಿಣಾಮ ಹೆಚ್ಚು ಗಂಭೀರವಾದುದು. ಇಂಜೆಕ್ಷನ್ ನಿಲ್ಲಿಸಿದ ಮೇಲೂ ಔಷಧದ ಶೇಷ 12 ತಿಂಗಳು ಅಥವಾ ಇನ್ನೂ ಹೆಚ್ಚು ಕಾಲ ದೇಹದಲ್ಲಿ ಉಳಿಯಬಹುದು. ಆ ಅವಧಿಯ ಮೊದಲ ಭಾಗದಲ್ಲಿ ಅದು ವೈರಸ್ಸನ್ನು ತಡೆಯುವಷ್ಟು ಇರುತ್ತದೆ. ಅನಂತರ ತಡೆಯುವುದಕ್ಕೆ ಸಾಲದಷ್ಟು, ಆದರೆ ಪೂರ್ತಿ ಇಲ್ಲ ಎನ್ನಲಾಗದಷ್ಟು ಉಳಿಯುತ್ತದೆ. ವೈರಸ್ ಔಷಧ ಪ್ರತಿರೋಧವನ್ನು ಬೆಳೆಸಿಕೊಳ್ಳಲು ಇದಕ್ಕಿಂತ ಅನುಕೂಲದ ಕಾಲವಿಲ್ಲ. ಔಷಧವೇ ಇಲ್ಲದಿದ್ದರೆ ರೂಪಾಂತರಗೊಂಡ ವೈರಸ್ಸಿಗೆ ವಿಶೇಷ ಲಾಭವಿಲ್ಲ, ಔಷಧ ಸಾಕಷ್ಟಿದ್ದರೆ ಅದು ವೃದ್ಧಿಸಲಾರದು. ಅರೆಬರೆ ಇದ್ದಾಗ ಮಾತ್ರ ಔಷಧಕ್ಕೆ ಬಗ್ಗದ ತಳಿಯೇ ಆಯ್ಕೆಯಾಗಿ ಉಳಿದು ಬೆಳೆಯುತ್ತದೆ. ಹಾಗೆ ಕ್ಯಾಬೊಟೆಗ್ರಾವಿರ್‌ಗೆ ಬಗ್ಗದ ವೈರಸ್ ಡೊಲುಟೆಗ್ರಾವಿರ್‌ಗೂ ಬಗ್ಗದಿರುವ ಸಾಧ್ಯತೆ ಇದೆ. ಡೊಲುಟೆಗ್ರಾವಿರ್ ನಮ್ಮ ಸರಕಾರಿ ಚಿಕಿತ್ಸೆಯ ಬೆನ್ನೆಲುಬು. ಸರಕಾರ ಉಚಿತವಾಗಿ ಕೊಡುವ ಒಳ್ಳೆಯ ಮಾತ್ರೆಯನ್ನೇ ಕಳೆದುಕೊಳ್ಳುವ ಹಾಗೆ ಇಂಜೆಕ್ಷನ್ ಬಳಸುವುದು ಯಾವ ಲೆಕ್ಕದಲ್ಲೂ ಲಾಭದ ವ್ಯವಹಾರವಲ್ಲ.

ಮೊದಲ ಸೂಜಿಗೆ ಮುನ್ನ

ಹೆಪಟೈಟಿಸ್ ಬಿಯಿಂದ ಆರಂಭಿಸುತ್ತೇನೆ, ಏಕೆಂದರೆ ಸುಲಭವಾಗಿ ಕಣ್ತಪ್ಪುವ ವಿಷಯ ಇದು. ಟಿಎಲ್‌ಡಿಯಲ್ಲಿರುವ ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಎಚ್‌ಐವಿಯ ಜೊತೆಗೆ ಹೆಪಟೈಟಿಸ್ ಬಿ ವೈರಸ್ಸನ್ನೂ ತಡೆಯುತ್ತವೆ. ಎರಡೂ ಸೋಂಕು ಇರುವವರು ಹಲವು ವರ್ಷಗಳಿಂದ ಒಂದೇ ಮಾತ್ರೆಯಲ್ಲಿ ಎರಡಕ್ಕೂ ಚಿಕಿತ್ಸೆ ಪಡೆಯುತ್ತಿರುತ್ತಾರೆ, ಕೆಲವರಿಗೆ ಅದು ತಿಳಿದೂ ಇರುವುದಿಲ್ಲ. ಇಂಜೆಕ್ಷನ್ ಜೋಡಿಗೆ ಹೆಪಟೈಟಿಸ್ ಬಿ ಮೇಲೆ ಯಾವ ಹಿಡಿತವೂ ಇಲ್ಲ. ಅಂಥವರು ಮಾತ್ರೆ ಬಿಟ್ಟು ಇಂಜೆಕ್ಷನ್‌ಗೆ ಬದಲಾದರೆ ಎಚ್‌ಐವಿ ಸುಮ್ಮನಿದ್ದರೂ ಹೆಪಟೈಟಿಸ್ ಕೆರಳಿ ಯಕೃತ್ತಿಗೆ ತೀವ್ರ ಹಾನಿಯಾಗಬಹುದು. ಆದ್ದರಿಂದ ಹೆಪಟೈಟಿಸ್ ಬಿ ಪರೀಕ್ಷೆಯ ವರದಿ ಕೈಯಲ್ಲಿ ಇಲ್ಲದೆ ಇಂಜೆಕ್ಷನ್ನಿನ ಮಾತನ್ನೇ ಎತ್ತಬಾರದು.

ಹಳೆಯ ಚಿಕಿತ್ಸೆಯ ಚರಿತ್ರೆ ಎರಡನೆಯದು. ಭಾರತದಲ್ಲಿ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ. ಟಿಎಲ್‌ಡಿ ಬರುವ ಮೊದಲು ಚಿಕಿತ್ಸೆ ಆರಂಭಿಸಿದ ಬಹುಪಾಲು ಜನರು ನೆವಿರಪಿನ್ ಅಥವಾ ಎಫಾವಿರೆನ್ಜ್ ಇರುವ ಔಷಧಗಳನ್ನು ತೆಗೆದುಕೊಂಡವರು. ತಾಯಿಯಿಂದ ಮಗುವಿಗೆ ಸೋಂಕು ದಾಟದಿರಲೆಂದು ಹೆರಿಗೆಯ ಸಮಯದಲ್ಲಿ ನೆವಿರಪಿನ್‌ನ ಒಂದೇ ಡೋಸ್ ಪಡೆದ ತಾಯಂದಿರೂ ಇದ್ದಾರೆ. ಈ ಎರಡೂ ಔಷಧಗಳು ರಿಲ್ಪಿವಿರಿನ್‌ನ ಬಳಗದವು. ಆ ಕಾಲದಲ್ಲಿ ಮಾತ್ರೆ ತಪ್ಪಿ ಪ್ರತಿರೋಧ ಬೆಳೆದಿದ್ದರೆ ಅದು ವೈರಸ್ಸಿನ ನೆನಪಿನಲ್ಲಿ ಹಾಗೆಯೇ ಅಡಗಿರುತ್ತದೆ. ಟಿಎಲ್‌ಡಿಯ ಬಲದಿಂದ ಈಗ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಚೆನ್ನಾಗಿ ಕಾಣುತ್ತಿದ್ದರೂ ಇಂಜೆಕ್ಷನ್‌ಗೆ ಹೋದ ದಿನ ರಿಲ್ಪಿವಿರಿನ್ ನಿಷ್ಪ್ರಯೋಜಕವಾಗಿ, ಕ್ಯಾಬೊಟೆಗ್ರಾವಿರ್ ಒಂಟಿಯಾಗಿ ಹೋರಾಡಬೇಕಾಗುತ್ತದೆ. ತಾರೀಕು ತಪ್ಪದೆ ಇಂಜೆಕ್ಷನ್ ತೆಗೆದುಕೊಂಡವರಲ್ಲೂ ನೂರಕ್ಕೆ ಒಬ್ಬಿಬ್ಬರಲ್ಲಿ ಚಿಕಿತ್ಸೆ ಸೋತದ್ದನ್ನು ಪ್ರಯೋಗಗಳು ತೋರಿಸಿವೆ. ರಿಲ್ಪಿವಿರಿನ್‌ಗೆ ಮೊದಲೇ ಇದ್ದ ಪ್ರತಿರೋಧ, ವೈರಸ್ಸಿನ ಎ6 ಎಂಬಂಥ ಉಪಪ್ರಭೇದ, 30ನ್ನು ಮೀರಿದ ದೇಹತೂಕದ ಸೂಚ್ಯಂಕ (ಬಿಎಂಐ), ಇವುಗಳಲ್ಲಿ ಎರಡು ಕೂಡಿಬಂದವರಲ್ಲಿ ಸೋಲಿನ ಸಾಧ್ಯತೆ ಹೆಚ್ಚು. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಸಿ ಉಪಪ್ರಭೇದವಾದ್ದರಿಂದ ಆ ಒಂದು ಚಿಂತೆ ನಮಗೆ ಕಡಿಮೆ. ಹಳೆಯ ಔಷಧಗಳ ಚಿಂತೆ ಮಾತ್ರ ಹೆಚ್ಚೇ. ಹಸಿರು ಪುಸ್ತಕವೋ ಬೇರೆ ಚೀಟಿಯೋ, ಹಳೆಯ ಚಿಕಿತ್ಸಾ ದಾಖಲೆ ಮನೆಯ ಯಾವ ಮೂಲೆಯಲ್ಲಿದ್ದರೂ ಹುಡುಕಿ ವೈದ್ಯರ ಮುಂದಿಡಬೇಕು.

ಇನ್ನು ಬೇರೆ ಔಷಧಗಳು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅದರ ಸೋದರರಾದ ರಿಫಾಪೆಂಟಿನ್ ಮತ್ತು ರಿಫಾಬ್ಯುಟಿನ್, ಫಿಟ್ಸ್‌ಗೆ ಕೊಡುವ ಫಿನೈಟೊಯಿನ್, ಫಿನೊಬಾರ್ಬಿಟೋನ್, ಕಾರ್ಬಮಜೆಪಿನ್, ಆಕ್ಸ್‌ಕಾರ್ಬಮಜೆಪಿನ್, ಇವೆಲ್ಲ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಎಚ್‌ಐವಿ ಔಷಧವನ್ನು ಬೇಗ ಒಡೆದುಹಾಕುತ್ತವೆ. ಇವುಗಳ ಜೊತೆಗೆ ಈ ಇಂಜೆಕ್ಷನ್ ಸರ್ವಥಾ ಸಲ್ಲದು. ಟಿಎಲ್‌ಡಿ ತೆಗೆದುಕೊಳ್ಳುವವರಿಗೆ ಕ್ಷಯ ಬಂದರೆ ಡೊಲುಟೆಗ್ರಾವಿರ್‌ನ ಇನ್ನೊಂದು ಡೋಸ್ ಸೇರಿಸಿ ನಿಭಾಯಿಸಬಹುದು. ಇಂಜೆಕ್ಷನ್ನಿನಲ್ಲಿ ಆ ಸೌಕರ್ಯ ಇಲ್ಲ. ಕ್ಷಯ ಇಷ್ಟು ಸಾಮಾನ್ಯವಾಗಿರುವ ದೇಶದಲ್ಲಿ ಇದನ್ನು ಸಣ್ಣ ತೊಡಕು ಎಂದು ತಳ್ಳಿಹಾಕುವಂತಿಲ್ಲ. ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೂಡ ಒಂದು ಡೋಸ್‌ಗಿಂತ ಹೆಚ್ಚು ಕೂಡದು. ಉಬ್ಬಸಕ್ಕೋ ಅಲರ್ಜಿಗೋ ಊರಿನ ಕ್ಲಿನಿಕ್‌ಗಳಲ್ಲಿ ಹೆಸರು ಹೇಳದೆಯೇ ಅದನ್ನು ಚುಚ್ಚುವುದಿದೆ. ನಾಟಿ ಮದ್ದು, ಗಿಡಮೂಲಿಕೆಯ ಪುಡಿ ತೆಗೆದುಕೊಳ್ಳುತ್ತಿದ್ದರೆ ಸಂಕೋಚಪಡದೆ ಅದನ್ನೂ ಹೇಳಬೇಕು.

ಖಿನ್ನತೆ ಅಥವಾ ಯಕೃತ್ತಿನ ಕಾಯಿಲೆ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ತಿಳಿಸಬೇಕು. ಮಗು ಬೇಕೆಂದಿರುವ ಮಹಿಳೆಯರು ಇನ್ನೊಂದು ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಇಂದು ನಿಲ್ಲಿಸಿ ಮುಂದಿನ ತಿಂಗಳು ಗರ್ಭಿಣಿಯಾದರೂ ಔಷಧದ ಶೇಷ ಗರ್ಭಾವಸ್ಥೆಯ ಉದ್ದಕ್ಕೂ ದೇಹದಲ್ಲಿರಬಹುದು.

ಚುಚ್ಚುವ ದಿನ

ಎರಡು ತಿಂಗಳ ಕ್ರಮದಲ್ಲಿ 600 ಮಿಲಿಗ್ರಾಂ ಕ್ಯಾಬೊಟೆಗ್ರಾವಿರ್ ಮತ್ತು 900 ಮಿಲಿಗ್ರಾಂ ರಿಲ್ಪಿವಿರಿನ್, ತಲಾ 3 ಮಿಲಿಲೀಟರ್, ಪೃಷ್ಠದ ಸ್ನಾಯುವಿಗೆ ಎರಡು ಬೇರೆ ಬೇರೆ ಕಡೆ ಕೊಡಲಾಗುತ್ತದೆ. ಮೊದಲ ಎರಡು ಸಲ ಒಂದು ತಿಂಗಳ ಅಂತರ, ಅಲ್ಲಿಂದ ಮುಂದೆ ಎರಡೆರಡು ತಿಂಗಳು. 3 ಮಿಲಿಲೀಟರ್ ಎಂದರೆ ಸಾಮಾನ್ಯ ಚುಚ್ಚುಮದ್ದಿಗಿಂತ ದೊಡ್ಡ ಪ್ರಮಾಣ. ಸೊಂಟದ ಮೂಳೆಯ ಪಕ್ಕದ ಭಾಗದಲ್ಲಿ ಕೊಡುವುದು ಉತ್ತಮ, ಏಕೆಂದರೆ ಅಲ್ಲಿ ದೊಡ್ಡ ನರವಾಗಲಿ ರಕ್ತನಾಳವಾಗಲಿ ಹತ್ತಿರ ಇರುವುದಿಲ್ಲ. ದಪ್ಪ ಮೈಯವರಿಗೆ ಉದ್ದದ ಸೂಜಿ ಬೇಕು. ಇಲ್ಲದಿದ್ದರೆ ಔಷಧ ಸ್ನಾಯುವನ್ನು ತಲುಪದೆ ಕೊಬ್ಬಿನಲ್ಲೇ ಉಳಿದು, ಕರಗುವ ಗತಿ ತಪ್ಪುತ್ತದೆ. ಅಕಸ್ಮಾತ್ತಾಗಿ ರಕ್ತನಾಳಕ್ಕೆ ಹೋಗಬಾರದು. ಇದನ್ನು ಸ್ವತಃ ಚುಚ್ಚಿಕೊಳ್ಳುವುದಾಗಲಿ, ಪರಿಚಯದ ನರ್ಸ್‌ನಿಂದ ಮನೆಯಲ್ಲಿ ಹಾಕಿಸಿಕೊಳ್ಳುವುದಾಗಲಿ ಸರಿಯಲ್ಲ.

ಚುಚ್ಚಿದ ಬಳಿಕ ಸುಮಾರು 10 ನಿಮಿಷ ಅಲ್ಲೇ ಕುಳಿತಿರಬೇಕು. ರಿಲ್ಪಿವಿರಿನ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಅಪರೂಪಕ್ಕೆ ಕೆಲವರಿಗೆ ಉಸಿರು ಕಟ್ಟಿದಂತಾಗುವುದು, ಬೆವರುವುದು, ಹೊಟ್ಟೆ ಹಿಂಡಿದಂತಾಗುವುದು, ಬಾಯಿ ಜೋಮು ಹಿಡಿಯುವುದು, ರಕ್ತದೊತ್ತಡದಲ್ಲಿ ಏರಿಳಿತ ಕಂಡಿದೆ. ಔಷಧದ ಸ್ವಲ್ಪ ಭಾಗ ಅರಿಯದೆ ರಕ್ತನಾಳ ಸೇರಿದ್ದರಿಂದ ಹೀಗಾಗಿರಬಹುದು ಎಂಬುದು ತಜ್ಞರ ಊಹೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೊರಡುವವರಿಗೆ ಈ 10 ನಿಮಿಷದ ಬೆಲೆ ತಿಳಿದಿರಬೇಕು. ಚುಚ್ಚಿದ ಜಾಗದಲ್ಲಿ ನೋವು, ಗಂಟು, ಊತ ಮಾತ್ರ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ಸಲ ಆಗುತ್ತದೆ. ಸಾಮಾನ್ಯವಾಗಿ ಮೂರು ದಿನಗಳಲ್ಲಿ, ಹೆಚ್ಚಿನವರಿಗೆ ಒಂದು ವಾರದೊಳಗೆ ಇಳಿಯುತ್ತದೆ. ಮುಂದಿನ ಸಲಗಳಲ್ಲಿ ಕಡಿಮೆಯಾಗುತ್ತಾ ಬರುತ್ತದೆ. ಜಾಗ ಕೆಂಪಾಗಿ ಬಿಸಿಯಾಗಿ ನೋವು ದಿನೇದಿನೇ ಏರಿದರೆ, ಮೈಮೇಲೆ ದದ್ದು ಎದ್ದು ಜ್ವರ ಬಂದರೆ, ಕಣ್ಣು ಹಳದಿಯಾದರೆ, ಮನಸ್ಸು ತೀರಾ ಕುಗ್ಗಿದರೆ ಮುಂದಿನ ತಾರೀಕಿನವರೆಗೆ ಕಾಯದೆ ವೈದ್ಯರನ್ನು ಕಾಣಬೇಕು.

ಕರಾವಳಿಗೆ ಸಂಬಂಧಿಸಿದ ಒಂದು ಪ್ರಾಯೋಗಿಕ ವಿಷಯವೂ ಇದೆ. ರಿಲ್ಪಿವಿರಿನ್ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೀತದಲ್ಲಿ ಕಾಪಾಡಬೇಕು. ಫ್ರಿಜ್ಜಿನಿಂದ ಹೊರತೆಗೆದ ಮೇಲೆ ಹೆಚ್ಚೆಂದರೆ 6 ಗಂಟೆ, ಅದೂ 25 ಡಿಗ್ರಿ ಮೀರದ ಕಡೆ ಇಡಬಹುದು. ಈ ಸೂಚನೆ ಬರೆದವರ ಮನಸ್ಸಿನಲ್ಲಿದ್ದ ಕೋಣೆಯ ಉಷ್ಣಾಂಶಕ್ಕೂ ಏಪ್ರಿಲ್ ತಿಂಗಳ ಮಂಗಳೂರಿನ ಕೋಣೆಗೂ ಅಜಗಜಾಂತರ. ಮಾತ್ರೆಯ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಕಾರ್ಕಳಕ್ಕೋ ಬೈಂದೂರಿಗೋ ಒಯ್ದಂತೆ ಇದನ್ನು ಒಯ್ಯಲಾಗದು. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಊರುಗಳಲ್ಲಿ ದಾಸ್ತಾನು ಇಡುವುದಾದರೆ, ಲಸಿಕೆಗೆ ಇರುವಂಥ ಶೀತಸರಪಳಿ ಅದಕ್ಕೂ ಬೇಕು. ತಣ್ಣಗಿನ ಇಂಜೆಕ್ಷನ್ ಚುಚ್ಚಿದರೆ ನೋವು ಹೆಚ್ಚಾದ್ದರಿಂದ ಕೊಡುವ ಸ್ವಲ್ಪ ಮೊದಲು ಹೊರಗಿಟ್ಟು, ಹರಳುಗಳು ಸಮನಾಗಿ ಬೆರೆಯುವಂತೆ ಸೀಸೆಯನ್ನು ಜೋರಾಗಿ ಕುಲುಕಿ, ಸಿರಿಂಜಿಗೆ ಎಳೆದ ಮೇಲೆ ತಡಮಾಡದೆ ಕೊಡುವುದು ಪದ್ಧತಿ.

ತಾರೀಕು ತಪ್ಪಿದರೆ

ನಿಗದಿಯಾದ ದಿನಕ್ಕಿಂತ 7 ದಿನ ಮೊದಲು ಅಥವಾ 7 ದಿನ ಅನಂತರ ಇಂಜೆಕ್ಷನ್ ತೆಗೆದುಕೊಳ್ಳಬಹುದು. ತಿಂಗಳಿನ ಯಾವ ತಾರೀಕನ್ನು ಗುರುತು ಹಾಕಿಕೊಂಡಿದ್ದೀರೋ ಅದು ಮಾತ್ರ ಬದಲಾಗಬಾರದು. ಒಟ್ಟು ಸುಮಾರು ಎರಡು ವಾರಗಳ ಅವಕಾಶ. ಕೇಳಲು ಧಾರಾಳವಾಗಿಯೇ ಇದೆ, ಬದುಕಿನಲ್ಲಿ ಅಷ್ಟಿಲ್ಲ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋದ ದೋಣಿ ಹತ್ತಕ್ಕೂ ಹೆಚ್ಚು ದಿನ ಮರಳದೆ ಇರಬಹುದು. ಯಕ್ಷಗಾನ ಮೇಳದವರು ದೀಪಾವಳಿಯ ಸುಮಾರಿಗೆ ಹೊರಟರೆ ಮೇ ಕೊನೆಯ ಪತ್ತನಾಜೆಯವರೆಗೆ ರಾತ್ರಿ ಒಂದು ಊರು, ಹಗಲು ಇನ್ನೊಂದು ಊರು. ಮುಂಬಯಿ, ಬೆಂಗಳೂರಿನ ಹೋಟೆಲುಗಳಲ್ಲಿ ದುಡಿಯುವವರಿಗೆ ರಜೆ ಸಿಗುವುದು ಮಾಲಕರ ಮರ್ಜಿಯಂತೆ. ಇಂಥ ಉದ್ಯೋಗದವರಿಗೆ ದಿನದ ಮಾತ್ರೆಯ ಕಾಟದಿಂದ ಬಿಡುಗಡೆ ಎಲ್ಲರಿಗಿಂತ ಹೆಚ್ಚು ಬೇಕು, ತಾರೀಕು ತಪ್ಪುವ ಅಪಾಯವೂ ಅವರಿಗೇ ಹೆಚ್ಚು. ಹಾಗೆಂದು ಇಂಥವರಿಗೆ ಇಂಜೆಕ್ಷನ್ ಬೇಡ ಎನ್ನುವುದು ನನ್ನ ಅಭಿಪ್ರಾಯವಲ್ಲ. ಮಾತ್ರೆಯನ್ನು ನಿಯಮಿತವಾಗಿ ನುಂಗಲು ಆಗದವರ ಮೇಲೆಯೇ ಅಮೆರಿಕದಲ್ಲಿ ನಡೆದ ಲ್ಯಾಟಿಟ್ಯೂಡ್ ಎಂಬ ಪ್ರಯೋಗದಲ್ಲಿ, ಬೆಂಬಲ ಕೊಟ್ಟು ಇಂಜೆಕ್ಷನ್‌ಗೆ ಬದಲಾಯಿಸಿದಾಗ ಫಲಿತಾಂಶ ಮಾತ್ರೆಗಿಂತ ಚೆನ್ನಾಗಿತ್ತು. ಆದರೆ ಆ ಬೆಂಬಲ ಇಲ್ಲಿಯೂ ಬೇಕು ಎಂಬುದನ್ನು ಮರೆಯಬಾರದು.

ಬರಲಾಗುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ ದಾರಿಯಿದೆ. 30 ಮಿಲಿಗ್ರಾಂ ಕ್ಯಾಬೊಟೆಗ್ರಾವಿರ್ ಮತ್ತು 25 ಮಿಲಿಗ್ರಾಂ ರಿಲ್ಪಿವಿರಿನ್ ಮಾತ್ರೆಗಳನ್ನು ದಿನಕ್ಕೊಮ್ಮೆ ನುಂಗಿ ಎರಡು ತಿಂಗಳವರೆಗೆ ತಳ್ಳಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ: ರಿಲ್ಪಿವಿರಿನ್ ಮಾತ್ರೆ ಜೀರ್ಣವಾಗಲು ಹೊಟ್ಟೆಯ ಆಮ್ಲವೂ ಬೇಕು, ಊಟವೂ ಬೇಕು. ಖಾಲಿ ಹೊಟ್ಟೆಯಲ್ಲಿ ನುಂಗುವಂತಿಲ್ಲ. ಗ್ಯಾಸ್ ಮಾತ್ರೆ ಎಂದು ಮೆಡಿಕಲ್‌ನಿಂದ ಚೀಟಿಯಿಲ್ಲದೆ ತಂದು ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳನ್ನು ಅದರ ಜೊತೆ ತೆಗೆದುಕೊಳ್ಳಲೇಬಾರದು. ಇಂಜೆಕ್ಷನ್ ಹೊಟ್ಟೆಯ ದಾರಿ ಹಿಡಿಯುವುದಿಲ್ಲವಾದ್ದರಿಂದ ಅದಕ್ಕೆ ಈ ನಿರ್ಬಂಧವಿಲ್ಲ. ಅದರಿಂದಲೇ ಇಂಜೆಕ್ಷನ್‌ನಲ್ಲಿದ್ದವರು ತಾತ್ಕಾಲಿಕವಾಗಿ ಮಾತ್ರೆಗೆ ಬಂದಾಗ ಎಡವುತ್ತಾರೆ.

ಹೇಳದೆ ಕೇಳದೆ ತಪ್ಪಿಹೋದರೆ, ಎರಡು ತಿಂಗಳ ಕ್ರಮ ನೆಲೆಗೊಂಡವರಲ್ಲಿ ಹಿಂದಿನ ಇಂಜೆಕ್ಷನ್ ಆಗಿ ಮೂರು ತಿಂಗಳು ದಾಟಿಲ್ಲವಾದರೆ ಬಂದ ಕೂಡಲೇ ಕೊಟ್ಟು ಮುಂದುವರಿಸಬಹುದು. ದಾಟಿದ್ದರೆ ಮೊದಲಿನಿಂದ, ಒಂದು ತಿಂಗಳ ಅಂತರದ ಎರಡು ಇಂಜೆಕ್ಷನ್‌ಗಳೊಂದಿಗೆ ಪುನಃ ಆರಂಭಿಸಬೇಕು. ಅದಕ್ಕೂ ಮುನ್ನ ಇದನ್ನೇ ಮುಂದುವರಿಸುವುದು ಸರಿಯೇ ಎಂಬುದನ್ನು ವೈದ್ಯರು ನಿರ್ಧರಿಸಬೇಕು, ವೈರಲ್ ಲೋಡ್ ನೋಡಬೇಕು. ಇಂಜೆಕ್ಷನ್ ಸಾಕು ಎಂದು ತೀರ್ಮಾನಿಸಿದವರು ಕೊನೆಯ ಇಂಜೆಕ್ಷನ್ ಆಗಿ ಎರಡು ತಿಂಗಳೊಳಗೆ ಪೂರ್ಣ ಪ್ರಮಾಣದ ಮಾತ್ರೆಯ ಚಿಕಿತ್ಸೆ ಶುರುಮಾಡಲೇಬೇಕು. ಮೈಯಲ್ಲಿ ಇನ್ನೂ ಔಷಧ ಇದೆಯಲ್ಲ, ವರ್ಷದವರೆಗೆ ಇರುತ್ತದಂತಲ್ಲ ಎಂದು ಸುಮ್ಮನಿರುವುದೇ ಪ್ರತಿರೋಧಕ್ಕೆ ಬಾಗಿಲು ತೆರೆದಿಟ್ಟಂತೆ.

ಸೋಂಕು ಬಾರದಂತೆ ತಡೆಯುವ ಇಂಜೆಕ್ಷನ್ ಬೇರೆ

ಸುದ್ದಿಯಲ್ಲಿ ಎರಡೂ ಬೆರೆತುಹೋಗಿರುವುದರಿಂದ ಇದನ್ನು ಬಿಡಿಸಿ ಹೇಳಬೇಕಾಗಿದೆ. ಸೋಂಕು ಇಲ್ಲದವರು, ಸೋಂಕು ತಗಲುವ ಅಪಾಯ ಇದ್ದಾಗ ಮುಂಜಾಗ್ರತೆಗಾಗಿ ತೆಗೆದುಕೊಳ್ಳುವ ಇಂಜೆಕ್ಷನ್ನೂ ಇದೆ. ಕ್ಯಾಬೊಟೆಗ್ರಾವಿರ್ ಒಂದನ್ನೇ ಎರಡು ತಿಂಗಳಿಗೊಮ್ಮೆ ಕೊಡುವ ಕ್ರಮಕ್ಕೆ ಅಮೆರಿಕದಲ್ಲಿ 2021ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಲೆನಕಾಪವಿರ್ ಎಂಬ ಇನ್ನೂ ಹೊಸ ಔಷಧವನ್ನು ಆರು ತಿಂಗಳಿಗೊಮ್ಮೆ ಚರ್ಮದಡಿಗೆ ಕೊಟ್ಟರೆ ಸಾಕು. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ಅದನ್ನು ಪಡೆದ 2134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. 2025ರ ಜೂನ್‌ನಲ್ಲಿ ಅಮೆರಿಕ ಅದನ್ನು ಒಪ್ಪಿತು, ಮರುತಿಂಗಳೇ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಇದರ ಸುರಕ್ಷತೆಯ ಮೊದಲ ನಿಯಮ ಪರೀಕ್ಷೆ: ಆರಂಭಿಸುವ ಮುನ್ನ ಮತ್ತು ಮುಂದಿನ ಪ್ರತಿ ಇಂಜೆಕ್ಷನ್ ಸಮಯದಲ್ಲೂ ಎಚ್‌ಐವಿ ಇಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಸೋಂಕು ಇರುವುದು ತಿಳಿಯದೆ ಒಂದೇ ಔಷಧವನ್ನು ಕೊಡುತ್ತಾ ಹೋದರೆ ಪ್ರತಿರೋಧ ಬೆಳೆಯುತ್ತದೆ. ಮುಂಜಾಗ್ರತೆಯ ಇಂಜೆಕ್ಷನ್ ಚಿಕಿತ್ಸೆಯಲ್ಲ; ಸೋಂಕಿತರು ಅದೊಂದನ್ನೇ ನೆಚ್ಚಿಕೊಂಡು ಮಾತ್ರೆ ಬಿಡುವಂತಿಲ್ಲ.

ಗಲ್ಫ್ ಕೆಲಸದ ಆಸೆಯಲ್ಲಿರುವವರಿಗೆ ಇನ್ನೊಂದು ಮಾತು. ಚಿಕಿತ್ಸೆಯ ಇಂಜೆಕ್ಷನ್ ತೆಗೆದುಕೊಂಡರೆ ಮೆಡಿಕಲ್ ತಪಾಸಣೆಯಲ್ಲಿ ಎಚ್‌ಐವಿ ನೆಗೆಟಿವ್ ಬರುತ್ತದೆ ಎಂದು ಯಾರಾದರೂ ಏಜೆಂಟ್ ಹೇಳಿದರೆ ನಂಬಬಾರದು. ಇಂಜೆಕ್ಷನ್ ಇಳಿಸುವುದು ರಕ್ತದಲ್ಲಿರುವ ವೈರಸ್ಸಿನ ಪ್ರಮಾಣವನ್ನು. ತಪಾಸಣೆಯಲ್ಲಿ ಹುಡುಕುವುದು ವೈರಸ್ಸಿನ ವಿರುದ್ಧ ದೇಹ ಹುಟ್ಟಿಸಿಕೊಂಡ ಪ್ರತಿಕಾಯಗಳನ್ನು. ಅವು ಹಾಗೆಯೇ ಉಳಿಯುತ್ತವೆ.

ನಮ್ಮಲ್ಲಿ ಈಗಿನ ಸ್ಥಿತಿ

ಸದ್ಯ ಸರಕಾರಿ ಎಆರ್‌ಟಿ ಕೇಂದ್ರಗಳ ನಿತ್ಯದ ಚಿಕಿತ್ಸಾಕ್ರಮದಲ್ಲಿ ಈ ಇಂಜೆಕ್ಷನ್ ಇಲ್ಲ. ಬೆಲೆ ಇಳಿಯುವ ಸೂಚನೆಗಳು ಮಾತ್ರ ಕಾಣುತ್ತಿವೆ. ಕ್ಯಾಬೊಟೆಗ್ರಾವಿರ್‌ನ ಅಗ್ಗದ ಆವೃತ್ತಿ ತಯಾರಿಸಲು 2023ರಲ್ಲಿ ಪರವಾನಗಿ ಪಡೆದ ಕಂಪೆನಿಗಳಲ್ಲಿ ಭಾರತದ ಸಿಪ್ಲಾ ಮತ್ತು ಅರಬಿಂದೊ ಇವೆ. ಲೆನಕಾಪವಿರ್‌ನ ಪರವಾನಗಿ ಇರುವವರಲ್ಲಿ ಡಾ. ರೆಡ್ಡೀಸ್, ಹೆಟೆರೊ ಮತ್ತು ಎಮ್‌ಕ್ಯೂರ್ ಇವೆ. 2027ರಿಂದ ಲೆನಕಾಪವಿರ್ ವರ್ಷಕ್ಕೆ ಸುಮಾರು 40 ಡಾಲರ್ ದರದಲ್ಲಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಒದಗಲಿದೆ ಎಂದು 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಗಿದೆ. ಅಲ್ಲಿಯವರೆಗೆ, ಇಂಜೆಕ್ಷನ್ ಬರುತ್ತದೆಂದು ಕಾಯುತ್ತಾ ಟಿಎಲ್‌ಡಿಯಲ್ಲಿ ಉದಾಸೀನ ಮಾಡುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ವೈರಲ್ ಲೋಡ್ ಪೂರ್ತಿ ಇಳಿದಿರುವುದೇ ಇಂಜೆಕ್ಷನ್‌ಗೆ ಬೇಕಾದ ಮೊದಲ ಅರ್ಹತೆ.

ಗುಟ್ಟಿನ ವಿಷಯ ಇಲ್ಲಿ ಸ್ವಲ್ಪ ಜಟಿಲವಾಗುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದ್ದು, ತನ್ನ ಸ್ಥಿತಿಯನ್ನು ಬಹಿರಂಗಪಡಿಸುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಆದರೆ ಮೈಯಲ್ಲಿ ವರ್ಷದುದ್ದಕ್ಕೂ ಕೂತಿರುವ ಔಷಧ ಬೇರೆ ವೈದ್ಯರ ಚೀಟಿಯಲ್ಲಿ ಬರೆದ ಔಷಧದೊಂದಿಗೆ ಜಗಳವಾಡಬಹುದು. ಆದ್ದರಿಂದ ರೋಗದ ಹೆಸರು ಇಲ್ಲದೆ, ಔಷಧಗಳ ಹೆಸರು, ಡೋಸ್, ಕೊನೆಯ ತಾರೀಕು ಇಷ್ಟನ್ನೇ ಬರೆದ ಚೀಟಿಯೊಂದನ್ನು ಪರ್ಸಿನಲ್ಲಿಟ್ಟುಕೊಂಡು, ಹೊಸ ಮದ್ದು ಬರೆಯುವ ವೈದ್ಯರಿಗೆ ತೋರಿಸುವುದು ಮಧ್ಯಮ ಮಾರ್ಗ. ನೇರ ಮಾತಾಡಲು ಹಿಂಜರಿಯುವವರು ಎಚ್‌ಐವಿ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಬಹುದು, ಹೆಸರು ಹೇಳಬೇಕಾಗಿಲ್ಲ.

ಯುರೋಪಿನಲ್ಲೋ ಅಮೆರಿಕದಲ್ಲೋ ಇಂಜೆಕ್ಷನ್ ಪಡೆಯುತ್ತಿದ್ದು ಊರಿಗೆ ಮರಳಿ ನೆಲೆಸುವವರಿಗೆ ಈ ಚೀಟಿ ಇನ್ನೂ ಮುಖ್ಯ. ಅಲ್ಲಿಂದ ಹೊರಡುವ ಮೊದಲು ಪ್ರತಿ ಇಂಜೆಕ್ಷನ್ನಿನ ತಾರೀಕು ಮತ್ತು ಡೋಸ್, ಇತ್ತೀಚಿನ ವೈರಲ್ ಲೋಡ್, ಹೆಪಟೈಟಿಸ್ ಬಿ ವರದಿ, ಪ್ರತಿರೋಧ ಪರೀಕ್ಷೆ ಆಗಿದ್ದರೆ ಅದರ ಪ್ರತಿ, ಇಷ್ಟನ್ನು ಲಿಖಿತವಾಗಿ ಪಡೆದುಕೊಂಡು ಬರಬೇಕು. ಕೊನೆಯ ಇಂಜೆಕ್ಷನ್ನಿನ ಎರಡು ತಿಂಗಳು ತುಂಬುವ ಮೊದಲೇ ಎಆರ್‌ಟಿ ಕೇಂದ್ರದಲ್ಲಿ ಹೆಸರು ನೋಂದಾಯಿಸಿದರೆ, ಮುಂದಿನ ಇಂಜೆಕ್ಷನ್ ಬೀಳಬೇಕಾಗಿದ್ದ ದಿನದಿಂದಲೇ ಟಿಎಲ್‌ಡಿ ಶುರುಮಾಡಲು ಅಲ್ಲಿನ ವೈದ್ಯರಿಗೆ ಸಮಯ ಸಿಗುತ್ತದೆ.